ನಿದ್ದೆಗೆಂದು ಕೊಟ್ಟ ಗಂಧೆಯ ಔಷಧ

ಮೊದಲು ಕಂಡದ್ದು ಗಿರಿಜಾಳ ಬೆನ್ನ ಮೇಲೆ. ನೀರು ಎರೆಯಲೆಂದು ಅಂಗಿ ಬಿಚ್ಚಿದ್ದೆ. ಬಲಭುಜದ ಕೆಳಗೆ ಮೂರು ಕೆಂಪು ದದ್ದು, ನಾಲ್ಕಾಣೆ ಬಿಲ್ಲೆಯಷ್ಟು ಅಗಲ. ಒಲೆಯ ಮೇಲಿನ ನೀರು ತೋಡಿ ತರುವಷ್ಟರಲ್ಲಿ ಮೂರು ಹೋಗಿ ಹದಿಮೂರಾಗಿದ್ದವು. ಹೊಟ್ಟೆ, ತೊಡೆ, ಕಿವಿಯ ಹಿಂದೆ. ಎರಡೂವರೆ ವರ್ಷದ ಮಗಳು ಎರಡೂ ಕೈಯಿಂದ ಪರಪರ ಕೆರೆದುಕೊಳ್ಳುತ್ತ ಅಳುತ್ತಿದ್ದಳು.

ಅತ್ತೆ ಒಳಗಿನಿಂದ ಬಂದು ನೋಡಿದರು. ನಮ್ಮ ಅತ್ತೆ ಯಾವುದನ್ನೇ ಆಗಲಿ ನೋಡಿದ ಮೇಲೆ ಹೆಸರಿಡದೆ ಬಿಡುವವರಲ್ಲ.

"ಪಿತ್ತದ ಗಂಧಿ. ಕಂಬಳಿ ತಗೊಂಬಾ."

ಕಂಬಳಿ ತಂದೆ. ನಮ್ಮ ಕಡೆ ಗಂಧೆ ಎದ್ದರೆ ಕರಿ ಕಂಬಳಿಯಿಂದ ಮೈ ಉಜ್ಜುವುದು ರೂಢಿ. ನನಗೂ ಸಣ್ಣವಳಿದ್ದಾಗ ಅವ್ವ ಉಜ್ಜಿದ್ದಳು. ಅತ್ತೆ ಉಜ್ಜಿದರು, ಕೂಸು ಕಿರುಚಿತು, ದದ್ದುಗಳು ಒಂದಕ್ಕೊಂದು ಕೂಡಿ ಬೆನ್ನೆಲ್ಲ ಒಂದೇ ಬಾವಾಯಿತು. ಅತ್ತೆ ಕಂಬಳಿಯನ್ನೇ ತಿರುಗಿಸಿ ನೋಡಿದರು, ತಪ್ಪು ಅದರದೇ ಎಂಬಂತೆ.

ಮರುದಿನ ಶಿಗ್ಗಾವಿಗೆ ಹೋದೆವು. ಅಲ್ಲಿ ಒಬ್ಬ ಡಾಕ್ಟರ್‌ಬಾಯಿ ಇದ್ದರು, ಹಾನಗಲ್ ಕಡೆಯ ಹೆಣ್ಣುಮಗಳು, ಮಾತು ಕಡಿಮೆ. ನೋಡಿ "ಇದು ಅಲರ್ಜಿ" ಎಂದರು. ಏನು ತಿಂದಳು, ಏನು ಕಚ್ಚಿತು ಎಂದೆಲ್ಲ ಕೇಳಿದರು. ನನಗೆ ತಿಳಿದಷ್ಟು ಹೇಳಿದೆ. ಕಾರಣ ಸಿಗಲಿಲ್ಲ. ಇವತ್ತಿಗೂ ಸಿಕ್ಕಿಲ್ಲ. ಒಂದು ಸಿರಪ್ ಬಾಟಲಿ ಕೊಟ್ಟರು, ಜೊತೆಗೆ ಬಿಳಿ ಪ್ಲಾಸ್ಟಿಕ್ಕಿನ ಪುಟ್ಟ ಚಮಚ.

"ಇದು ಆಂಟಿಹಿಸ್ಟಮಿನ್. ಗಂಧಿ ಎದ್ದಾಗ ಅಷ್ಟ ಕೊಡ್ರಿ. ಇದ ಚಮಚಾದಾಗ, ಅರ್ಧ. ಸ್ವಲ್ಪ ನಿದ್ದಿ ಬರತೈತಿ, ಗಾಬರಿ ಆಗಬ್ಯಾಡ್ರಿ."

ಬಸ್ ಇಳಿದು ಮನೆ ಮುಟ್ಟಿದ ಮೇಲೆ ಅರ್ಧ ಚಮಚ ಕೊಟ್ಟೆ. ಒಂದು ತಾಸಿನೊಳಗೆ ಬೆನ್ನು ಬೆಳ್ಳಗಾಯಿತು. ಕೂಸು ಮೂರು ತಾಸು ನಿದ್ದೆ ಹೊಡೆಯಿತು. ನಾನು ಆ ಬಾಟಲಿಯನ್ನು ಗೋಡೆಯಲ್ಲಿನ ದೇವರ ಮಾಡದ ಪಕ್ಕದಲ್ಲಿಟ್ಟೆ. ಡಾಕ್ಟರ್‌ಬಾಯಿ ಹೇಳಿದ ಮಾತುಗಳಲ್ಲಿ ನನ್ನ ತಲೆಯಲ್ಲಿ ಉಳಿದದ್ದು ಒಂದೇ, ನಿದ್ದೆ ಬರುತ್ತದೆ ಎಂಬುದು.

ಅದು ಯಾಕೆ ಉಳಿಯಿತು ಎಂದು ಹೇಳಬೇಕಾದರೆ ನಮ್ಮ ಕೆಲಸದ ಬಗ್ಗೆ ಹೇಳಬೇಕು.

ನಮ್ಮ ಊರು ದುಂಡಸಿಯಿಂದ ಎರಡು ಮೈಲಿ. ನನ್ನ ತವರು ಹಿರೇಕೆರೂರಿನ ಕಡೆ. ಹೈಬ್ರಿಡ್ ಹತ್ತಿ ನಮ್ಮ ಭಾಗಕ್ಕೆ ಬಂದು ಏಳೆಂಟು ವರ್ಷವಾಗಿದೆ. ಅದರ ಬೀಜ ತಾನಾಗಿ ಆಗುವುದಿಲ್ಲ, ಕೈಯಿಂದ ಮಾಡಬೇಕು. ಒಂದು ಕಡೆ ಹೆಣ್ಣು ಸಾಲು, ಇನ್ನೊಂದು ಕಡೆ ಗಂಡು ಸಾಲು. ಮಧ್ಯಾಹ್ನದ ಮೇಲೆ ಹೆಣ್ಣು ಸಾಲಿನಲ್ಲಿ ನಾಳೆ ಅರಳುವ ಮೊಗ್ಗು ಹುಡುಕಬೇಕು. ಹೆಬ್ಬೆರಳಿನ ಉಗುರಿನಿಂದ ಅದರ ಎಸಳನ್ನೂ ಒಳಗಿನ ಪರಾಗದ ಕೇಸರವನ್ನೂ ಕಿತ್ತು, ಉಳಿದ ಕಡ್ಡಿಗೆ ಒಂದು ಕೆಂಪು ಹಾಳೆಯ ಕೊಳವೆ ಹಾಕಬೇಕು. ಬೇರೆ ಯಾವ ಪರಾಗವೂ ಅಲ್ಲಿ ಬಂದು ಕೂಡದಿರಲಿ ಎಂದು. ಮರುದಿನ ಬೆಳಿಗ್ಗೆ ಗಂಡು ಹೂ ತಂದು, ಹಾಳೆ ತೆಗೆದು, ಕಡ್ಡಿಗೆ ಮೆತ್ತಗೆ ಸವರಿ, ದಾರ ಕಟ್ಟಬೇಕು. ಇದನ್ನೇ ಕ್ರಾಸಿಂಗ್ ಎನ್ನುತ್ತೇವೆ. ಬಿಸಿಲು ನೆತ್ತಿಗೆ ಬಂದರೆ ಮುಗಿಯಿತು, ಆ ದಿನದ ಹೂ ಆ ದಿನಕ್ಕೆ ಹೋಯಿತು.

ಈ ಕೆಲಸಕ್ಕೆ ಹೆಂಗಸರೇ ಬೇಕು. ನಾವು ಮುಯ್ಯಿಯ ಮೇಲೆ ಮಾಡುತ್ತಿದ್ದೆವು. ಇವತ್ತು ನೀವು ನಮ್ಮ ಹೊಲಕ್ಕೆ, ನಾಳೆ ನಾವು ನಿಮ್ಮ ಹೊಲಕ್ಕೆ. ಬೆಳಿಗ್ಗೆ ಸಾಲು ಹಿಡಿದರೆ ನಡುವೆ ಏಳುವಂತಿಲ್ಲ. ಒಬ್ಬಳು ಎದ್ದರೆ ಅವಳ ಸಾಲಿನ ಹೂ ಹಾಳು, ಅದೂ ಬೇರೆಯವರ ಹೊಲದಲ್ಲಿ. ಮಕ್ಕಳನ್ನು ಬದುವಿನ ಬೇವಿನ ಮರಕ್ಕೆ ಸೀರೆಯ ಜೋಳಿಗೆ ಕಟ್ಟಿ ಮಲಗಿಸುತ್ತಿದ್ದೆವು. ಬೇರೆಯವರ ಮಕ್ಕಳು ಮಲಗುತ್ತಿದ್ದವು. ನನ್ನದು ಮಲಗುತ್ತಿರಲಿಲ್ಲ. ಅರ್ಧ ತಾಸಿಗೊಮ್ಮೆ ಎದ್ದು ಊರಿಗೆಲ್ಲ ಕೇಳುವಂತೆ "ಅವ್ವಾ" ಎಂದು ಕೂಗುತ್ತಿತ್ತು. ಬೇರೆ ಹೆಂಗಸರು ಏನೂ ಅನ್ನುತ್ತಿರಲಿಲ್ಲ. ಅನ್ನದೆ ಇರುವುದು ಅಂದದ್ದಕ್ಕಿಂತ ಹೆಚ್ಚು ಚುಚ್ಚುತ್ತದೆ.

ಒಂದು ದಿನ ಬೆಳಿಗ್ಗೆ ಗಿರಿಜಾಳ ಕಾಲಿನ ಮೇಲೆ ಒಂದೆರಡು ದದ್ದು ಎದ್ದಿದ್ದವು. ಔಷಧ ಕೊಟ್ಟು ಹೊಲಕ್ಕೆ ಹೋದೆ. ಮಧ್ಯಾಹ್ನದವರೆಗೆ ಕೂಸು ಏಳಲಿಲ್ಲ. ನನ್ನ ಎರಡೂ ಸಾಲು ಎಲ್ಲರಿಗಿಂತ ಮೊದಲು ಮುಗಿದವು.

ಮರುದಿನ ಗಂಧೆ ಇರಲಿಲ್ಲ.

ಆದರೂ ಕೊಟ್ಟೆ.

ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಏನಿದೆ, ಡಾಕ್ಟರೇ ಕೊಟ್ಟ ಔಷಧ ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಐದಾರು ದಿನ ಹೀಗೆ ನಡೆಯಿತು. ದಿನ ಕಳೆದಂತೆ ಅರ್ಧ ಚಮಚಕ್ಕೆ ನಿದ್ದೆ ಕಡಿಮೆ ಬರತೊಡಗಿತು, ನಾನು ಒಂದು ಚಮಚ ಮಾಡಿದೆ. ಆ ಪ್ಲಾಸ್ಟಿಕ್ ಚಮಚ ಎಲ್ಲೋ ಕಳೆದುಹೋಗಿತ್ತು. ಬುತ್ತಿಯ ಗಂಟಿನಲ್ಲಿದ್ದ ಸ್ಟೀಲಿನ ಚಮಚದಲ್ಲಿ ಕೊಡುತ್ತಿದ್ದೆ. ಅದು ಸಾರು ಬಡಿಸುವ ಚಮಚ. ಅದರ ಹೊಟ್ಟೆ ಎಷ್ಟು ದೊಡ್ಡದು ಎಂದು ನಾನು ಯೋಚಿಸಲೇ ಇಲ್ಲ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ಆ ವಾರವೇ ಅವಳಿಗೆ ಕೆಮ್ಮು ನೆಗಡಿ ಶುರುವಾಯಿತು. ನಮ್ಮವರು ಸಂತೆಗೆ ಹೋದಾಗ ಯಾವುದೋ ಅಂಗಡಿಯಲ್ಲಿ ಹೇಳಿ ಒಂದು ಕೆಮ್ಮಿನ ಸಿರಪ್ ತಂದರು. ಕೆಂಪು ಬಣ್ಣ, ಸಿಹಿ. ಅದರ ಉಸ್ತುವಾರಿ ಅತ್ತೆಯದು.

ವಾರದ ಕೊನೆಗೆ ನಮ್ಮದೇ ಹೊಲದ ಸರದಿ ಬಂತು. ಹನ್ನೆರಡು ಮಂದಿ ಹೆಂಗಸರು ಮುಯ್ಯಿಗೆ ಬಂದಿದ್ದರು. ಬಂಕಾಪುರದಿಂದ ನಮ್ಮೂರಿಗೆ ಲಗ್ನವಾಗಿ ಬಂದ ಮಾಬೂಬಿ ನನ್ನ ಪಕ್ಕದ ಸಾಲಿನಲ್ಲಿದ್ದಳು. ಎಂಟು ಗಂಟೆಗೆ, ಅತ್ತೆ ಇನ್ನೂ ಬಂದಿರದಾಗ, ಗಿರಿಜಾಗೆ ಒಂದು ಚಮಚ ಕುಡಿಸಿ ಜೋಳಿಗೆಗೆ ಹಾಕಿ ನಾನು ಹೊಲದ ಆ ತುದಿಗೆ ಹೋದೆ. ಅತ್ತೆ ಆಮೇಲೆ ಬಂದು ಮರದ ಕೆಳಗೆ ಕೂತು ದಾರ ಕತ್ತರಿಸಿ ಕೊಡುತ್ತಿದ್ದರು. ನಡುವೆ ಒಮ್ಮೆ ಕೂಸು ಅತ್ತ ಹಾಗೆ ಕೇಳಿತು. ಆಮೇಲೆ ಸುಮ್ಮನಾಯಿತು. ಅತ್ತೆ ಇದ್ದಾರೆ ಎಂದು ನಾನು ತಲೆ ಎತ್ತಲಿಲ್ಲ.

ಬಿಸಿಲು ಏರಿತು. ಕೆಲಸ ಮುಗಿಸಿ ಎಲ್ಲರೂ ಮರದ ಕಡೆ ಬಂದೆವು. ಮುಂದೆ ಬಂದವಳು ಮಾಬೂಬಿ. ಜೋಳಿಗೆಯಲ್ಲಿ ಇಣುಕಿ ನಕ್ಕಳು.

"ನೀಲವ್ವ, ಬಾ ಇಲ್ಲೆ. ನಿನ್ನ ಮಗಳು ಕ್ರಾಸಿಂಗ್ ಮಾಡಾಕತ್ತಾಳ ನೋಡು."

ಹೌದು. ಗಿರಿಜಾ ಕಣ್ಣು ತೆರೆದು ಮಲಗಿದ್ದಳು. ಎರಡೂ ಕೈ ಮೇಲೆತ್ತಿದ್ದಳು. ಹೆಬ್ಬೆರಳು ತೋರುಬೆರಳು ಕೂಡಿಸಿ ಗಾಳಿಯಲ್ಲಿ ಏನನ್ನೋ ಕೀಳುತ್ತಿದ್ದಳು. ಕಿತ್ತು ಪಕ್ಕಕ್ಕಿಟ್ಟು ಮತ್ತೆ ಕೀಳುತ್ತಿದ್ದಳು. ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ.

ಎತ್ತಿಕೊಂಡೆ. ಮೈ ಕಾದ ಹಂಚಿನಂತಿತ್ತು. ಮುಖ ಕೆಂಪು ಮೆಣಸಿನಕಾಯಿ. ಆ ಬಿಸಿಲಲ್ಲಿ ನಾವೆಲ್ಲ ಬೆವರಿನಲ್ಲಿ ತೊಯ್ದಿದ್ದೆವು, ಅವಳ ಮೈಮೇಲೆ ಒಂದು ಹನಿ ಬೆವರಿಲ್ಲ. ತುಟಿ ಒಣಗಿ ಅಂಟಿಕೊಂಡಿದ್ದವು. ಕಣ್ಣಿನ ಕಪ್ಪು ಇಷ್ಟಗಲ ಆಗಿತ್ತು. ಆ ಕಣ್ಣು ನನ್ನನ್ನು ನೋಡುತ್ತಿದ್ದವು, ಆದರೆ ನಾನು ಯಾರೆಂದು ಅವಕ್ಕೆ ಗೊತ್ತಿರಲಿಲ್ಲ.

"ಗಿರಿಜಾ" ಎಂದೆ. ಅವಳು ನನ್ನ ಮೂಗಿನ ಮುಂದಿನ ಗಾಳಿಯಿಂದ ಇನ್ನೊಂದು ಹೂ ಕಿತ್ತಳು.

ನಗು ನಿಂತಿತು.

ಅತ್ತೆ ಎದ್ದು ಬಂದರು. ಅವರ ಮುಖ ಬಿಳಿಚಿಕೊಂಡಿತ್ತು. "ಗಾಳಿ ಸೋಕೈತಿ. ಏನೋ ಕಂಡೈತಿ ಕೂಸಿಗೆ. ಸವಣೂರಿಗೆ ಹೋಗಿ ದರ್ಗಾದಾಗ ದಾರ ಕಟ್ಟಿಸ್ಕೊಂಡ ಬರೂಣು."

ನಾನು ಕೂಸನ್ನು ಎದೆಗೆ ಅವಚಿಕೊಂಡೆ. ಆಗ ಮಾತನಾಡಿದವಳು ಮಾಬೂಬಿ.

"ಅತ್ತಿ, ದರ್ಗಾ ನಮ್ಮದು, ನಾ ಹೇಳತೇನಿ ಕೇಳ್ರಿ. ದರ್ಗಾ ಎಲ್ಲೂ ಓಡಿ ಹೋಗೂದಿಲ್ಲ. ಕೂಸಿನ ಮೈ ನೋಡ್ರಿ ಹೆಂಗ ಸುಡಾಕತ್ತೈತಿ. ಮೊದಲ ಶಿಗ್ಗಾವಿ ದವಾಖಾನಿಗೆ ನಡೀರಿ. ದಾರ ನಾ ಆಮ್ಯಾಲೆ ತಂದು ಕೊಡತೇನಿ."

ಅವಳಿಗೆ ನಾನು ಜನ್ಮವಿಡೀ ಋಣಿ. ಅವಳೇ ಬುತ್ತಿಯ ಗಂಟನ್ನು ಎರಡೂ ಬಾಟಲಿ ಸಮೇತ ಕಟ್ಟಿ ನನ್ನ ಹೆಗಲಿಗೆ ಹಾಕಿದಳು. ನಮ್ಮವರು ಬಂಡಿ ಹೂಡಿದರು, ಅತ್ತೆಯೂ ಹತ್ತಿದರು. ದುಂಡಸಿಗೆ ಬಂದಾಗ ಬಸ್ ಹೊರಟು ನಿಂತಿತ್ತು. ಕಂಡಕ್ಟರ್ ಕೂಸಿನ ಮುಖ ನೋಡಿ, ನಮ್ಮನ್ನು ಮುಂದಿನ ಸೀಟಿಗೆ ಕೂರಿಸಿ, ಡ್ರೈವರನ ಕಿವಿಯಲ್ಲಿ ಏನೋ ಹೇಳಿದ. ಆ ಬಸ್ಸು ಶಿಗ್ಗಾವಿಯವರೆಗೆ ಎಲ್ಲೂ ನಿಲ್ಲಲಿಲ್ಲ. ಒಳಗೆ ಕೂತವರು ಒಬ್ಬರೂ ತಮ್ಮ ಊರು ದಾಟಿತೆಂದು ಕೂಗಲಿಲ್ಲ. ಅವರ ಹೆಸರು ನನಗೆ ಗೊತ್ತಿಲ್ಲ. ಅವರೆಲ್ಲರ ಹೊಟ್ಟೆ ತಣ್ಣಗಿರಲಿ.

ಡಾಕ್ಟರ್‌ಬಾಯಿ ಕೂಸನ್ನು ಮೇಜಿನ ಮೇಲೆ ಮಲಗಿಸಿ ಬ್ಯಾಟರಿ ಹಿಡಿದು ಕಣ್ಣಿಗೆ ಬೆಳಕು ಬಿಟ್ಟರು. ಕಪ್ಪು ಸಣ್ಣದಾಗಲಿಲ್ಲ. ನಾಡಿ ಹಿಡಿದರು. ಹೊಟ್ಟೆಯ ಕೆಳಭಾಗ ಒತ್ತಿ ನೋಡಿದರು.

"ಮುಂಜಾನಿಂದ ಒಂದಕ್ಕ ಮಾಡ್ಯಾಳೇನು?"

ನೆನಪಿಸಿಕೊಂಡೆ. ಇಲ್ಲ.

"ಔಷಧ ಏನ ಕೊಟ್ರಿ?"

"ಏನೂ ಇಲ್ರಿ" ಎಂದೆ.

ಸುಳ್ಳು ನನ್ನ ಬಾಯಿಂದ ತಾನಾಗಿ ಬಂತು. ಪಕ್ಕದಲ್ಲಿ ಗಂಡ ನಿಂತಿದ್ದಾರೆ, ಹಿಂದೆ ಅತ್ತೆ ನಿಂತಿದ್ದಾರೆ. ಕೆಲಸ ಸಾಗಲೆಂದು ಹೆತ್ತ ಮಗಳಿಗೆ ನಿದ್ದೆ ಕುಡಿಸಿದೆ ಎಂದು ಹೇಗೆ ಹೇಳಲಿ? ಡಾಕ್ಟರ್‌ಬಾಯಿ ನನ್ನ ಮುಖವನ್ನೇ ನೋಡಿದರು. ಬೈಯಲಿಲ್ಲ. ಬಗ್ಗಿ ಗಿರಿಜಾಳ ಕೈ ಹಿಡಿದು, ಗಾಳಿಯಲ್ಲಿ ಕೀಳುತ್ತಿದ್ದ ಬೆರಳುಗಳನ್ನು ಮುಚ್ಚಿ ತಮ್ಮ ಅಂಗೈಯಲ್ಲಿಟ್ಟುಕೊಂಡರು.

"ನೋಡು ತಂಗಿ. ಇದು ಜ್ವರ ಅಲ್ಲ, ಗಾಳಿ ಅಲ್ಲ. ಹೊಟ್ಟಿಯೊಳಗ ಏನೋ ಹೋಗೈತಿ. ಏನು, ಎಷ್ಟು, ಯಾವಾಗ, ಇಷ್ಟ ಗೊತ್ತಾದ್ರ ನನಗ ದಾರಿ ಸಿಗತೈತಿ. ಬೈಯೂದು ಇದ್ರ ಎಲ್ಲಾರೂ ಕೂಡಿ ಆಮ್ಯಾಲೆ ಬೈಯೂಣು. ಈಗ ಹೇಳು."

ಹೇಳಿದೆ. ಎಂಟು ಗಂಟೆಗೆ ಒಂದು ಚಮಚ. ಐದಾರು ದಿನದಿಂದ ದಿನಾ. ಗಂಧೆ ಇಲ್ಲದಿದ್ದರೂ. ನಮ್ಮವರ ಕಡೆ ನಾನು ನೋಡಲಿಲ್ಲ.

"ಯಾವ ಚಮಚ?"

ಗಂಟು ಬಿಚ್ಚಿ ತೋರಿಸಿದೆ. ಅವರು ಚಮಚ ನೋಡಿದರು, ಬಾಟಲಿ ನೋಡಿದರು. ಹುಬ್ಬು ಗಂಟಾಯಿತು.

"ದಿನಾ ಒಂದ ಚಮಚಕ್ಕ ಬಾಟ್ಲಿ ಇಷ್ಟು ಖಾಲಿ ಆಗೂದಿಲ್ಲ. ಕೂಸು ಇಷ್ಟು ಕೆಡೂದಿಲ್ಲ."

ಆಗ ಹಿಂದಿನಿಂದ ಅತ್ತೆಯ ದನಿ ಕೇಳಿತು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

"ನಾನೂ ಕೊಟ್ಟೇನ್ರಿ."

ಹತ್ತು ಗಂಟೆಗೆ ಕೂಸು ಕೆಮ್ಮುತ್ತ ಎದ್ದಿತ್ತಂತೆ. ಅತ್ತೆ ಕೆಮ್ಮಿನ ಔಷಧ ಎರಡು ಚಮಚ ಕುಡಿಸಿದರು. ಆದರೂ ಮಲಗಲಿಲ್ಲ. ನನ್ನ ಸಾಲು ನಿಲ್ಲಬಾರದೆಂದು ಗಂಟಿನಿಂದ ಗಂಧೆಯ ಔಷಧ ತೆಗೆದು ಅದನ್ನೂ ಎರಡು ಚಮಚ ಕೊಟ್ಟರು. ಅದು ಮೊದಲ ದಿನವೇನೂ ಆಗಿರಲಿಲ್ಲ. ಅವರಿಗೂ ನನ್ನಂತೆಯೇ ನಾಲ್ಕು ದಿನದ ರೂಢಿ. ನನಗೆ ಕಾಣದಂತೆ ಅವರು, ಅವರಿಗೆ ಕಾಣದಂತೆ ನಾನು.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಎಂಟು ವರ್ಷದಿಂದ ಒಂದೇ ಒಲೆಯಲ್ಲಿ ರೊಟ್ಟಿ ಬಡಿದವರು ನಾವು. ಆ ಕ್ಷಣ ಇಬ್ಬರ ಮುಖವೂ ಒಂದೇ ಥರ ಇದ್ದಿರಬೇಕು.

ಡಾಕ್ಟರ್‌ಬಾಯಿ ಕೆಮ್ಮಿನ ಬಾಟಲಿಯನ್ನೂ ತೆಗೆದುಕೊಂಡು ಚೀಟಿ ಓದಿದರು. "ಇದರಾಗೂ ಅದ ಐತಿ" ಎಂದಷ್ಟೇ ಹೇಳಿ ನರ್ಸನ್ನು ಕೂಗಿದರು.

ಮೂಗಿನಲ್ಲಿ ನಳಿಕೆ ಇಳಿಸಿ ಹೊಟ್ಟೆ ತೊಳೆದರು. ಕೈಗೆ ಸಲೈನ್ ಹಾಕಿದರು. ತಣ್ಣೀರ ಬಟ್ಟೆಯಿಂದ ಮೈ ಒರೆಸುತ್ತಲೇ ಇರಿ ಎಂದರು. ಅತ್ತೆ ಮತ್ತು ನಾನು ಎರಡು ಬದಿಯಲ್ಲಿ ನಿಂತು ಒರೆಸಿದೆವು. ಗಿರಿಜಾ ಒಮ್ಮೆ ಚೀರುತ್ತಿದ್ದಳು, ಒಮ್ಮೆ ನಗುತ್ತಿದ್ದಳು, ಗೋಡೆಯ ಮೇಲೆ ಇಲ್ಲದ ಇರುವೆಗಳನ್ನು ತೋರಿಸುತ್ತಿದ್ದಳು. ನಮ್ಮವರು ಹೊರಗಿನ ಕಟ್ಟೆಯ ಮೇಲೆ ತಲೆಗೆ ಕೈಹೊತ್ತು ಕೂತಿದ್ದರು. ನನಗೆ ಒಂದು ಮಾತು ಅನ್ನಲಿಲ್ಲ. ಒಮ್ಮೆ ಒಳಗೆ ಬಂದು, "ಆ ಕೆಮ್ಮಿನ ಔಷಧ ತಂದಾಂವ ನಾನ ಅಲ್ಲೇನು" ಎಂದು ಹೇಳಿ ಮತ್ತೆ ಹೊರಗೆ ಹೋದರು.

"ಇದಕ್ಕ ಉಲ್ಟಾ ಔಷಧ ನನ್ನ ಹತ್ರ ಇಲ್ಲ" ಎಂದರು ಡಾಕ್ಟರ್‌ಬಾಯಿ. "ಮೈ ತಾನ ತೊಳಕೋಬೇಕು. ಝಟಕಿ ಅಂದ್ರ ಫಿಟ್ಸ್ ಬರಬಾರದು, ಉಸಿರು ನಿಲ್ಲಬಾರದು. ಅಷ್ಟು ನಾವು ಕಾಯೂದು. ಒಂದಕ್ಕ ಆತಂದ್ರ ಅರ್ಧ ಗೆದ್ದಂಗ. ಬೆಳಗಾದ್ರೂ ಆಗದಿದ್ರ ನಳಿಕಿ ಹಾಕತೇನಿ."

ರಾತ್ರಿಯ ಬಗ್ಗೆ ನಾನು ಬರೆಯುವುದಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಅವಳ ಕೈಗಳು ನಿಂತವು. ಹೂ ಕೀಳುವುದು ಬಿಟ್ಟು ಎದೆಯ ಮೇಲೆ ಮಲಗಿದವು. ನಾನು ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದೆ. ಒಮ್ಮೆಲೆ ನನ್ನ ತೊಡೆ ಬೆಚ್ಚಗಾಯಿತು. ಸೀರೆ ತೊಯ್ದು, ಬೆಂಚು ತೊಯ್ದು, ನೀರು ನೆಲಕ್ಕೆ ಹರಿಯಿತು.

ಅತ್ತೆಗೆ ತೋರಿಸಿದೆ. ಮಡಿ ಮೈಲಿಗೆ ಎಂದು ಊರನ್ನೇ ನಡುಗಿಸುವ ನಮ್ಮ ಅತ್ತೆ ಆ ತೊಯ್ದ ಸೀರೆಯಲ್ಲಿ ಮುಖ ಇಟ್ಟು ಅತ್ತರು. ನನಗೂ ಅಳು ತಡೆಯಲಾಗಲಿಲ್ಲ. ಸಪ್ಪಳಕ್ಕೆ ಗಿರಿಜಾ ಕಣ್ಣು ಬಿಟ್ಟಳು. ನನ್ನನ್ನು ನೋಡಿದಳು. ಈ ಸಲ ನೋಡಿದ್ದು ನನ್ನನ್ನೇ.

"ಅವ್ವಾ, ನೀರು" ಎಂದಳು.

ಮೂರು ದಿನ ಅಲ್ಲೇ ಇದ್ದೆವು. ಎರಡನೆಯ ದಿನ ಡಾಕ್ಟರ್‌ಬಾಯಿ ಬಿಡುವಾಗಿ ಬಂದು ಮಂಚದ ಅಂಚಿನಲ್ಲಿ ಕೂತರು. ನಾನು ಕೈಮುಗಿದು, ಇನ್ನು ಆ ಔಷಧವನ್ನು ಮನೆಯ ಹೊಸ್ತಿಲು ದಾಟಿಸುವುದಿಲ್ಲ ಎಂದೆ. ಅವರು ತಲೆ ಅಲ್ಲಾಡಿಸಿದರು.

"ತಪ್ಪು ಔಷಧದ್ದಲ್ಲ. ಅದು ಛಲೋ ಔಷಧ. ಅದು ಏನು ಮಾಡತೈತಿ ಅಂತ ಗೊತ್ತೈತೇನು?"

"ನಿದ್ದಿ ತರಸತೈತ್ರಿ."

"ಅದ ನೋಡು ಎಡವಟ್ಟು. ನಿದ್ದಿ ಅದರ ಕೆಲಸ ಅಲ್ಲ. ಕೇಳು. ಮೈಯೊಳಗ ಹಿಸ್ಟಮಿನ್ ಅಂತ ಒಂದ ರಸ ಐತಿ. ಮೈಗೆ ಒಗ್ಗದ್ದು ಏನರ ಬಂತಂದ್ರ ಅದು ಹೊರಗ ಬೀಳತೈತಿ. ಬಿದ್ದು ಕುಂದ್ರಾಕ ಅದಕ್ಕ ಅಂತ ಜಾಗ ಅದಾವು. ಕುಂತ ಕೂಡಲೆ ಅಲ್ಲೆ ಕೆಂಪಾಗತೈತಿ, ಬಾವು ಬರತೈತಿ, ತುರಸತೈತಿ. ಅದ ನಿಮ್ಮ ಗಂಧಿ. ಮೂಗಿನ್ಯಾಗ ಕುಂತ್ರ ಸೀನು, ನೆಗಡಿ. ಈ ಔಷಧ ಮೊದಲ ಹೋಗಿ ಆ ಜಾಗ ಹಿಡೀತೈತಿ. ಹಿಸ್ಟಮಿನ್ ಬಂದ್ರೂ ಕುಂದ್ರಾಕ ಜಾಗ ಸಿಗೂದಿಲ್ಲ."

ನನಗೆ ಥಟ್ಟನೆ ಹೊಳೆಯಿತು. "ನಾವು ಮೊಗ್ಗಿಗೆ ಕೆಂಪು ಹಾಳಿ ಹಾಕತೇವಲ್ರಿ, ಬ್ಯಾರೆ ಪರಾಗ ಕೂಡಬಾರದಂತ. ಹಂಗ ಏನ್ರಿ?"

ಅವರಿಗೆ ಕ್ರಾಸಿಂಗ್ ಗೊತ್ತಿರಲಿಲ್ಲ. ನಾನು ಕೈಯಿಂದ ಮಾಡಿ ತೋರಿಸಿದೆ. ಅವರು ಮೊದಲ ಸಲ ನಕ್ಕರು.

"ಹಂಗ. ಆದ್ರ ನೀವು ಯಾವ ಮೊಗ್ಗಿಗೆ ಬೇಕೋ ಅದಕ್ಕಷ್ಟ ಹಾಳಿ ಹಾಕತೀರಿ. ಈ ಔಷಧಕ್ಕ ಆ ಶಾಣೇತನ ಇಲ್ಲ. ತಲಿಯೊಳಗ ಎಚ್ಚರ ಇಡೂ ಜಾಗಕ್ಕೂ ಹಾಕತೈತಿ, ಅದಕ್ಕ ನಿದ್ದಿ. ಉಗುಳು, ಬೆವರು, ಒಂದಕ್ಕ ಬಿಡಸೂ ಕಡೆನೂ ಅಡ್ಡ ಕುಂದ್ರತೈತಿ. ಅಳತಿಯಾಗ ಇದ್ರ ಮೈ ತಡಕೋತೈತಿ. ಅಳತಿ ಮೀರಿದ್ರ ಹೊಲ ಪೂರ್ತಿ ಮುಚ್ಚಿದಂಗ. ಸಣ್ಣ ಮಕ್ಕಳಿಗೆ ಕೆಲವೊಮ್ಮೆ ನಿದ್ದಿನೂ ಬರೂದಿಲ್ಲ, ಹುಚ್ಚು ಹಿಡದಂಗ ಮಾಡತಾವು."

ಆ ಮೇಲೆ ಎರಡು ಬಾಟಲಿಗಳನ್ನು ತಂದು ನನ್ನ ಮುಂದಿಟ್ಟರು. ನಾನು ಏಳನೆಯ ಇಯತ್ತೆವರೆಗೆ ಓದಿದವಳು. ಇಂಗ್ಲಿಷ್ ಅಕ್ಷರ ಗುರುತಿಸುತ್ತೇನೆ, ಪದ ಓದಲು ಬರುವುದಿಲ್ಲ. ಒಂದು ಬಾಟಲಿಯ ಮೇಲೆ ಅವರು ಒಂದು ಉದ್ದನೆಯ ಪದಕ್ಕೆ ಗೆರೆ ಎಳೆದರು. "ಇಂಥದ್ದ ಅದರಾಗ ಎಲ್ಲೈತಿ ಹುಡುಕು" ಎಂದರು. ಅಕ್ಷರಕ್ಕೆ ಅಕ್ಷರ ಹೊಂದಿಸುತ್ತ ಬೆರಳು ಇಳಿಸಿದೆ. ಮೂರನೆಯ ಸಾಲಿನಲ್ಲಿ ಸಿಕ್ಕಿತು. ಬೇರೆ ಬಣ್ಣ, ಬೇರೆ ರುಚಿ, ಬೇರೆ ಹೆಸರಿನ ಎರಡು ಬಾಟಲಿ, ಒಳಗೆ ಅದೇ ಒಂದು ಔಷಧ. ನನಗೆ ಮೈ ಜುಮ್ಮೆಂದಿತು. ಅವರು ಗದರಿಸಿದ್ದರೆ ಇಷ್ಟು ಚೆನ್ನಾಗಿ ನಾಟುತ್ತಿರಲಿಲ್ಲ.

"ಹೊಸ ಬಾಟ್ಲಿ ಮನಿಗೆ ಬಂತಂದ್ರ ಹಿಂಗ ಹೊಂದಿಸಿ ನೋಡು. ತಿಳೀಲಿಲ್ಲಂದ್ರ ಎರಡೂ ತಗೊಂಡು ಬಾ. ಅಳತಿ ಕೂಸಿನ ತೂಕಕ್ಕ, ನಿಮ್ಮ ಮನಿ ಚಮಚಕ್ಕಲ್ಲ. ಕೊಡಾವರು ಒಬ್ಬರ ಇರ್ರಿ. ಗಂಧಿ ಇಲ್ಲದ ಕೊಡಬ್ಯಾಡ್ರಿ. ಮತ್ತ ಇನ್ನೊಂದು. ಗಂಧಿ ಜೋಡಿ ತುಟಿ, ನಾಲಿಗಿ ಬಾತು, ಉಸಿರು ಗೊರಗೊರ ಅಂತಂದ್ರ ಈ ಔಷಧ ನಂಬಿ ಮನ್ಯಾಗ ಕುಂದ್ರಬ್ಯಾಡ್ರಿ. ಆಗ ಇಂಜೆಕ್ಷನ್ನ ಬೇಕು. ಓಡಿ ಬರ್ರಿ."

ಅತ್ತೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ಕಂಬಳಿ ಉಜ್ಜಬಹುದೇನ್ರಿ?" ಎಂದರು.

"ಉಜ್ಜಿದಷ್ಟೂ ಹಿಸ್ಟಮಿನ್ ಹೆಚ್ಚ ಬೀಳತೈತಿ ಅವ್ವಾ. ಕಂಬಳಿ ಹೊಚ್ಚಿಕೊಂಡು ನೀವ ಮಲಕೋರಿ."

ಊರಿಗೆ ಬಂದೆವು. ತಿಂಗಳೊಪ್ಪತ್ತಿನಲ್ಲಿ ಗಂಧೆ ಮತ್ತೆ ಎದ್ದಿತು. ಹೊಸ ಬಾಟಲಿ, ಹೊಸ ಪ್ಲಾಸ್ಟಿಕ್ ಚಮಚ. ಅರ್ಧಕ್ಕೆ ಸರಿಯಾಗಿ ನಿಲ್ಲಲೆಂದು ಎರಡು ಸಲ ಚೆಲ್ಲಿ ಮತ್ತೆ ಅಳೆದೆ. ಅತ್ತೆ ದೀಪ ಹಿಡಿದು ಚಮಚದ ಗೆರೆ ನೋಡಿದರು. ಕುಡಿಸಿ ಇಬ್ಬರೂ ಪಕ್ಕದಲ್ಲೇ ಕೂತೆವು. ಬೆನ್ನು ಮೆಲ್ಲಗೆ ಬೆಳ್ಳಗಾಯಿತು. ಮಗಳು ಸ್ವಲ್ಪ ತೂಕಡಿಸಿದಳು, ಎದ್ದಳು, ರೊಟ್ಟಿ ಕೇಳಿದಳು. ಔಷಧದ ಮೇಲಿದ್ದ ಸಿಟ್ಟು ಆ ದಿನ ಇಳಿಯಿತು. ಅದು ತನ್ನ ಕೆಲಸ ತಾನು ಮಾಡುತ್ತದೆ. ತನ್ನದಲ್ಲದ ಕೆಲಸ ಅದಕ್ಕೆ ಹೇಳಿದವರು ನಾವು.

ಆದರೆ ಒಂದು ವಿಷಯ ಬಾಕಿ ಉಳಿದಿತ್ತು. ಊರಿನಲ್ಲಿ ಅತ್ತೆ ಎಲ್ಲರಿಗೂ "ಕೂಸಿಗೆ ಜ್ವರ ನೆತ್ತಿಗೇರಿತ್ತು" ಎಂದು ಹೇಳಿದ್ದರು. ನಾನೂ ಹೌದು ಹೌದು ಎಂದಿದ್ದೆ. ದವಾಖಾನೆಯಲ್ಲಿ ಡಾಕ್ಟರಿಗೆ ಹೇಳುವುದು ಒಂದು, ಬಾವಿಕಟ್ಟೆಯಲ್ಲಿ ಹೇಳುವುದು ಇನ್ನೊಂದು.

ಈ ವರ್ಷದ ಕ್ರಾಸಿಂಗ್ ಹೋದ ತಿಂಗಳು ಶುರುವಾಯಿತು. ಮೊದಲ ದಿನ ಮಾಬೂಬಿಯ ಹೊಲ. ಮರಕ್ಕೆ ನಾಲ್ಕು ಜೋಳಿಗೆ ಕಟ್ಟಿದ್ದರು. ಮಾಬೂಬಿಯ ನಾದಿನಿ ಹೊಸದಾಗಿ ಹೆತ್ತವಳು, ಆರು ತಿಂಗಳ ಗಂಡುಕೂಸು, ಒಂದೇ ಸಮನೆ ಅಳುತ್ತಿತ್ತು. ಅವಳು ನನ್ನ ಬಳಿ ಬಂದು ಮೆಲ್ಲಗೆ ಕೇಳಿದಳು.

"ನೀಲಕ್ಕ, ಹೋದ ವರ್ಷ ಗಿರಿಜಾಗ ಕುಡಸ್ತಿದ್ದಿಯಂತ, ಆ ನಿದ್ದಿ ಔಷಧ ಒಂದ ಚಮಚ ಐತೇನು?"

ಯಾರೋ ನೋಡಿದ್ದರು. ಹೆಂಗಸರ ಕಣ್ಣಿಗೆ ಏನು ತಪ್ಪುತ್ತದೆ? ಅತ್ತೆ ಕೈಯಲ್ಲಿದ್ದ ದಾರ ಬಿಟ್ಟು ನನ್ನ ಕಡೆ ನೋಡಿದರು. ಇಲ್ಲ ಎಂದು ಒಂದು ಮಾತು ಹೇಳಿ ಸಾಲಿಗೆ ಹೋಗಬಹುದಿತ್ತು. ಹಾಗೆ ಹೋಗಿದ್ದರೆ ಅವಳು ಇನ್ನೊಬ್ಬರ ಹತ್ತಿರ ಕೇಳುತ್ತಿದ್ದಳು. ಅವರ ಮನೆಯಲ್ಲಿ ಒಂದು ಬಾಟಲಿ ಇದ್ದೇ ಇರುತ್ತದೆ.

ನಾನು ಅಲ್ಲೇ ಕೂತೆ. ಎಲ್ಲರಿಗೂ ಕೇಳುವಂತೆ ಹೇಳಿದೆ. ಜ್ವರ ಅಲ್ಲ ಎಂದೆ. ನಿದ್ದೆ ಬರಲಿ ಎಂದು ನಾನೇ ಕೊಟ್ಟೆ, ಮಗಳು ಸಾಯುವ ಹಾಗೆ ಆಗಿದ್ದಳು ಎಂದೆ. ಅವಳು ಗಾಳಿಯಲ್ಲಿ ಹೂ ಕಿತ್ತದ್ದನ್ನು ನೋಡಿ ನಕ್ಕಿದ್ದೆವಲ್ಲ, ಅದು ಆ ಔಷಧ ಎಂದೆ.

"ಅಕಿ ಒಬ್ಬಾಕಿ ಅಲ್ಲ" ಎಂದರು ಅತ್ತೆ. "ನಾನೂ ಕೊಟ್ಟೇನಿ. ಅಕಿಗಿಂತ ಹೆಚ್ಚ ಕೊಟ್ಟೇನಿ."

ಹೂ ಕಾಯುತ್ತಿದ್ದವು, ಬಿಸಿಲು ಏರುತ್ತಿತ್ತು. ಆಮೇಲೆ ಹಿಂದಿನಿಂದ ಒಬ್ಬಳು, "ನಾ ಎರಡ ಸಲ ಕೊಟ್ಟಿದ್ನಿ" ಎಂದಳು. ಇನ್ನೊಬ್ಬಳು ತಲೆ ತಗ್ಗಿಸಿದಳು. ಮಾಬೂಬಿ ಸೊಂಟಕ್ಕೆ ಸೆರಗು ಸಿಗಿಸಿ ಎದ್ದು ನಿಂತಳು.

"ಸರಿ. ಹಂಗಾರ ದಿನಾ ಒಬ್ಬಾಕಿ ಕೂಸುಗಳ ಹತ್ರ ಇರೂದು. ಅಕಿ ಸಾಲು ನಾವೆಲ್ಲಾ ಹಂಚ್ಕೊಳ್ಳೂದು. ಅದನೂ ಮುಯ್ಯಿನ. ಇವತ್ತ ನೀಲವ್ವ ಇರಲಿ."

ಅವರು ಸಾಲಿಗೆ ಹೋದರು. ನಾನು ಐದು ಮಕ್ಕಳೊಡನೆ ಮರದ ಕೆಳಗೆ ಉಳಿದೆ. ಒಂದನ್ನು ತೂಗಿದರೆ ಇನ್ನೊಂದು ಎದ್ದಿತು, ಇನ್ನೊಂದನ್ನು ಎತ್ತಿದರೆ ಮತ್ತೊಂದು ತೊಯ್ಸಿಕೊಂಡಿತು. ಮಧ್ಯಾಹ್ನದ ಹೊತ್ತಿಗೆ ನಾಲ್ಕೂ ಮಲಗಿದವು. ಗಿರಿಜಾ ಮಲಗಲಿಲ್ಲ. ನನ್ನ ಸೆರಗು ಜಗ್ಗಿದಳು, ಕೂದಲು ಬಿಚ್ಚಿದಳು, ಅದು ಯಾಕ, ಇದು ಯಾಕ ಎಂದು ತಲೆ ತಿಂದಳು. ಇಡೀ ಹೊಲಕ್ಕೆ ಕೇಳುವಂತೆ ಮಾತಾಡಿದಳು. ನಾನು ಅವಳಿಗೆ ಒಮ್ಮೆಯೂ ಮಲಕೋ ಎನ್ನಲಿಲ್ಲ.